ನಮ್ಮ ದುಂಡಕ್ಷರಕ್ಕೆ ಯಾವ ಟಾಕು? ಬೋರು, ಮುಳ್ಳು, ಗರಿ ಆರಿಸಿ ಬರೆಯುವ ಬಗೆ

ನನ್ನ ಅಜ್ಜ ಧಾರವಾಡದಿಂದ ಮುಂಬೈಗೆ ಬಂದು ಪರೇಲ್‌ನ ಒಂದು ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಟಾಕು ಮತ್ತು ದೌತಿ ಈಗ ಡೊಂಬಿವಲಿಯಲ್ಲಿ ನನ್ನ ಮೇಜಿನ ಮೇಲಿವೆ. ಟಾಕು ಅಂದರೆ ಮಸಿಯಲ್ಲಿ ಅದ್ದಿ ಬರೆಯುವ ಪೆನ್ನು. ದೌತಿ ಅಂದರೆ ಮಸಿಕುಡಿಕೆ. ಮರಾಠಿಯಲ್ಲೂ ಹೆಚ್ಚುಕಡಿಮೆ ಇದೇ ಮಾತು. ಇಲ್ಲಿನ ಹಳೇ ಸ್ಟೇಷನರಿ ಅಂಗಡಿಯಲ್ಲಿ "ಟಾಕ್ ಆಹೇ ಕಾ?" ಎಂದು ಕೇಳಿದರೆ ವಯಸ್ಸಾದ ಅಂಗಡಿಯವರಿಗೆ ತಟ್ಟನೆ ತಿಳಿಯುತ್ತದೆ.

ಟಾಕಿನಲ್ಲಿ ಕನ್ನಡ ಬರೆಯಲು ಹೊರಟಾಗ ನಾನು ಇಂಗ್ಲಿಷ್ ಅಕ್ಷರ ಕಲಿಸುವ ಪಾಠ ನೋಡಿದೆ. ಅದರಲ್ಲಿ ಹೇಳಿದ ಚೂಪು ಮುಳ್ಳನ್ನೇ, ಅಂದರೆ ಚೂಪು ನಿಬ್ಬನ್ನೇ ತಂದೆ. 'ಅ' ಬರೆಯುವಾಗ ಕೈ ಮೇಲಕ್ಕೆ ತಿರುಗಿದ ಕೂಡಲೇ ಮುಳ್ಳು ಕಾಗದಕ್ಕೆ ಚುಚ್ಚಿಕೊಂಡಿತು, ಮಸಿ ಸಿಡಿಯಿತು. ಒಂದು ತಿಂಗಳು ಹೀಗೇ ಹೋಯಿತು. ಆಮೇಲೆ ಅರ್ಥವಾಯಿತು. ಆ ಮುಳ್ಳನ್ನು ಮಾಡಿರುವುದು ಓರೆಯಾಗಿ ಕೆಳಗಿಳಿಯುವ ಗೆರೆಗಳಿಗೆ. ನಮ್ಮ ಅಕ್ಷರವೋ ಸುತ್ತು ಹಾಕುತ್ತದೆ, ಹಿಂದಕ್ಕೆ ತಿರುಗುತ್ತದೆ, ಒಳಗೆ ಸುರುಳಿಯಾಗುತ್ತದೆ. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ, ಅಂದರೆ ಚೂಪು ಕಡ್ಡಿಯಿಂದ, ಕೊರೆದು ಬರೆದ ಅಕ್ಷರ ಇದು. ನೇರ ಗೆರೆ ಎಳೆದರೆ ಓಲೆ ನಾರಿನ ಗುಂಟ ಸೀಳುತ್ತದೆ, ಅದಕ್ಕೇ ಅಕ್ಷರ ದುಂಡಾಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಆದ್ದರಿಂದ ಮೊದಲು ಅಕ್ಷರ ನೋಡಿ, ಆಮೇಲೆ ಪೆನ್ನು ಆರಿಸಿ. ಭಾನುವಾರ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವಾಗ ನಾನು ಇದೇ ಕ್ರಮದಲ್ಲಿ ಹೋಗುತ್ತೇನೆ: ಮೊದಲು ಬೋರು, ಆಮೇಲೆ ಅಗಲ ಮುಳ್ಳು ಅಥವಾ ದುಂಡು ಮುಳ್ಳು, ಆಮೇಲೆ ಚೂಪು ಮುಳ್ಳು. ಹಕ್ಕಿಗರಿ ಕೊನೆಗೆ.

ಬೋರುವಿನಿಂದ ಶುರು ಮಾಡಿ

ಬೋರು ಅಂದರೆ ಜೊಂಡಿನ ಅಥವಾ ಬಿದಿರಿನ ಲೇಖನಿ. ನಮ್ಮಲ್ಲಿ ಲಾಳದ ಕಡ್ಡಿ ಅನ್ನುತ್ತಿದ್ದರು. ಪೇಶ್ವೆಗಳ ಕಾಲದಲ್ಲಿ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕಾಗದಗಳು ಪುಣೆಯ ದಫ್ತರದಲ್ಲಿ ರಾಶಿ ರಾಶಿ ಇವೆ. ಅವು ಬೋರುವಿನಲ್ಲೇ ಬರೆದವು. ಇದು ಅಗ್ಗ, ಮುರಿದರೆ ಬೇಸರವಿಲ್ಲ, ಕಾಗದಕ್ಕೆ ಚುಚ್ಚುವುದಿಲ್ಲ. ಕೈಗೆ ಧೈರ್ಯ ಬರುವುದು ಇದರಲ್ಲೇ.

ಮನೆಯಲ್ಲೇ ಮಾಡಿಕೊಳ್ಳಬಹುದು. ಪೆನ್ಸಿಲ್ ದಪ್ಪದ, ಒಳಗೆ ಟೊಳ್ಳಿರುವ ಒಣ ಬಿದಿರಿನ ಕಡ್ಡಿ ತೆಗೆದುಕೊಳ್ಳಿ. ಒಂದು ಗೇಣು ಉದ್ದ ಸಾಕು. ಹರಿತ ಚಾಕುವಿನಿಂದ ತುದಿಯನ್ನು ಉದ್ದ ಓರೆಯಾಗಿ ಹೆರೆಯಿರಿ. ಚಾಕು ಯಾವಾಗಲೂ ನಿಮ್ಮಿಂದ ಆಚೆಗೆ ಓಡಬೇಕು. ಒಳಗಿನ ಮೆದು ಭಾಗ ಕೆರೆದು ತೆಗೆಯಿರಿ. ಎರಡು ಬದಿಯನ್ನೂ ಸಮವಾಗಿ ಹೆರೆದು ತುದಿಯನ್ನು 3 ಮಿಲಿಮೀಟರ್ ಅಗಲಕ್ಕೆ ತನ್ನಿ. ನಡುವೆ 1 ಸೆಂಟಿಮೀಟರ್ ಉದ್ದದ ಸೀಳು ಕೊಡಿ. ಮಸಿ ಇಳಿಯುವುದು ಆ ಸೀಳಿನಲ್ಲಿ. ಕೊನೆಗೆ ತುದಿಯನ್ನು ಗಟ್ಟಿ ಹಲಗೆಯ ಮೇಲಿಟ್ಟು ಒಂದೇ ಒತ್ತಿಗೆ ನೇರವಾಗಿ ಕತ್ತರಿಸಿ. ಎರಡು ಸಲ ಒತ್ತಿದರೆ ತುದಿ ಒರಟಾಗುತ್ತದೆ. ಅಂಗಡಿಯ ಬೋರು ಕೆಲವು ಓರೆ ತುದಿಯವು, ಕೆಲವು ನೇರ ತುದಿಯವು. ಕನ್ನಡಕ್ಕೆ ನಾನು ನೇರ ತುದಿಯದನ್ನೇ ಹಿಡಿಯುತ್ತೇನೆ.

ಮುಳ್ಳು ಕೊಳ್ಳುವಾಗ

ಉಕ್ಕಿನ ನಿಬ್ಬಿಗೆ ನಮ್ಮ ಮನೆಯಲ್ಲಿ ಮುಳ್ಳು ಅನ್ನುತ್ತಿದ್ದರು. 1820ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಯಂತ್ರದಿಂದ ಉಕ್ಕಿನ ಮುಳ್ಳು ಒತ್ತಿ ತೆಗೆಯಲು ಶುರುವಾಯಿತು. ಅಲ್ಲಿಯವರೆಗೆ ಯುರೋಪಿನವರು ನೂರಾರು ವರ್ಷ ಹಕ್ಕಿಗರಿಯಲ್ಲೇ ಬರೆದಿದ್ದರು. ಈಗ ಸಿಗುವ ಮುಳ್ಳುಗಳು ಮೂರು ಬಗೆ.

ಅಗಲ ಮುಳ್ಳಿನ ತುದಿ ಉಳಿಯ ಬಾಯಿಯ ಹಾಗೆ ನೇರ. ಒತ್ತುವುದೇ ಬೇಡ. ಎಳೆಯುವ ದಿಕ್ಕು ಬದಲಾದಂತೆ ಗೆರೆ ತಾನೇ ದಪ್ಪ, ತೆಳು ಆಗುತ್ತದೆ. ಸ್ಪೀಡ್‌ಬಾಲ್ ಕಂಪನಿಯ ಸಿ ಸಾಲಿನ ಮುಳ್ಳುಗಳು ಈ ಬಗೆಯವು. ಸಿ-0 ತುಂಬ ಅಗಲ, ಸಿ-6 ತುಂಬ ಸಣ್ಣ. ಸಿ-2ರಿಂದ ಶುರು ಮಾಡಿ. ವಿಲಿಯಂ ಮಿಚೆಲ್, ಬ್ರೌಸೆ ಮುಳ್ಳುಗಳೂ ಚೆನ್ನ.

ದುಂಡು ಮುಳ್ಳಿನ ತುದಿಯಲ್ಲಿ ಚಿಕ್ಕ ಬಿಲ್ಲೆಯಂತೆ ಒಂದು ಪಾದ ಇರುತ್ತದೆ. ಸ್ಪೀಡ್‌ಬಾಲ್‌ನ ಬಿ ಸಾಲು ಇದು. ಯಾವ ಕಡೆ ತಿರುಗಿಸಿದರೂ ಗೆರೆ ಒಂದೇ ದಪ್ಪ. ಮೇಲಕ್ಕೂ ಎಳೆಯಬಹುದು, ಸುತ್ತಲೂ ಬಹುದು. ಕನ್ನಡಕ್ಕೇ ಮಾಡಿದಂತಿದೆ! ಆದರೂ ಕನ್ನಡ ಬರೆಯುವವರು ಇದನ್ನು ಕೊಳ್ಳುವುದೇ ಕಡಿಮೆ. ಮಕ್ಕಳ ಕೈಗೆ ನಾನು ಕೊಡುವ ಮೊದಲ ಉಕ್ಕಿನ ಮುಳ್ಳು ಇದೇ.

ಚೂಪು ಮುಳ್ಳು ಒತ್ತಿದರೆ ಬಾಯಿ ಬಿಡುತ್ತದೆ, ಗೆರೆ ದಪ್ಪವಾಗುತ್ತದೆ. ಬಿಟ್ಟರೆ ಕೂದಲೆಳೆಯಂತೆ ತೆಳು. ಜಪಾನಿನ ನಿಕ್ಕೊ ಜಿ ಗಟ್ಟಿಮುಟ್ಟು, ಹೊಸಬರ ಒತ್ತಡ ತಡೆಯುತ್ತದೆ. ಗಿಲಾಟ್ 303 ತೀರಾ ಮೆದು. ಕೈ ಪಳಗುವ ತನಕ ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟ್ ನಮ್ಮೂರಿನ ಸ್ಟೇಷನರಿ ಪೇಟೆ. ಪುಣೆಯವರಿಗೆ ಅಪ್ಪಾ ಬಳವಂತ ಚೌಕ ಇದೆ. ಹೋಗುವಾಗ ಪೆನ್ನಿನ ಹಿಡಿಯನ್ನೂ ಜೊತೆಗೆ ಒಯ್ಯಿರಿ, ಏಕೆಂದರೆ ಮುಳ್ಳು ಬೇರೆ, ಹಿಡಿ ಬೇರೆ. ನಾನೊಮ್ಮೆ ಹಂಟ್ 102 ಮುಳ್ಳು ಕೊಂಡು ಮನೆಗೆ ಬಂದೆ. ಅದು ಸಣ್ಣ ಕೊಳವೆಯಾಕಾರದ್ದು. ನನ್ನ ಹಿಡಿಯಲ್ಲಿ ಕೂರಲೇ ಇಲ್ಲ. ಅದಕ್ಕೆ ಬೇರೆಯದೇ ಹಿಡಿ ಬೇಕು. ಅಂಗಡಿಯಲ್ಲೇ ಸಿಕ್ಕಿಸಿ ನೋಡಿ, ಅಲುಗಾಡಬಾರದು. ಮುಳ್ಳನ್ನು ಬೆಳಕಿಗೆ ಹಿಡಿದು ನೋಡಿ: ಸೀಳಿನ ಆಚೀಚೆಯ ಎರಡು ಹಲ್ಲೂ ಕೂಡಿರಬೇಕು, ಒಂದು ಮೇಲೆ ಒಂದು ಕೆಳಗೆ ಇರಬಾರದು. ಚೂಪು ಮುಳ್ಳಾದರೆ ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಒತ್ತಿ. ಎರಡು ಹಲ್ಲೂ ಸಮನಾಗಿ ತೆರೆದರೆ ತೆಗೆದುಕೊಳ್ಳಿ. ಓರೆ ಹಿಡಿ ಓರೆಯಾದ ಇಂಗ್ಲಿಷ್ ಬರಹಕ್ಕೆ ಬೇಕಾದದ್ದು. ನಿಮಗೆ ನೇರ ಹಿಡಿ ಸಾಕು. ಎಡಗೈಯವರಿಗೆ ತುದಿ ಓರೆಯಾಗಿ ಕತ್ತರಿಸಿದ ಅಗಲ ಮುಳ್ಳು ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ.

ಹೊಸ ಮುಳ್ಳಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆಯಂಥದ್ದೇನೋ ಸವರಿರುತ್ತಾರೆ. ಹಾಗೇ ಅದ್ದಿದರೆ ಮಸಿ ಕೆಸುವಿನೆಲೆ ಮೇಲಿನ ನೀರಿನಂತೆ ಹನಿಹನಿಯಾಗಿ ನಿಲ್ಲುತ್ತದೆ. ಪಾತ್ರೆ ಸೋಪು, ಹಳೇ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಉಜ್ಜಿ, ತೊಳೆದು ಒರೆಸಿ. ಹಸಿ ಆಲೂಗಡ್ಡೆಗೆ ಅರ್ಧ ನಿಮಿಷ ಚುಚ್ಚಿಟ್ಟು ಒರೆಸಿದರೂ ಆಗುತ್ತದೆ. ಕೆಲವರು ಬೆಂಕಿಗೆ ಹಿಡಿಯುತ್ತಾರೆ. ಬೇಡ. ಬಿಸಿ ಸ್ವಲ್ಪ ಜಾಸ್ತಿಯಾದರೂ ಉಕ್ಕಿನ ಪುಟಿತ ಸತ್ತುಹೋಗುತ್ತದೆ.

ಮಸಿ

ಮಸಿಯ ವಿಷಯದಲ್ಲಿ ಮುಂಬೈಗೆ ಒಂದು ಹೆಮ್ಮೆ ಇದೆ. 1931ರಲ್ಲಿ ದಾಂಡೇಕರ್ ಅವರು ಇಲ್ಲೇ 'ಹಾರ್ಸ್ ಬ್ರ್ಯಾಂಡ್' ಮಸಿ ಪುಡಿ ಮಾಡಲು ತೊಡಗಿದರು. ಅದೇ ಮುಂದೆ ಕ್ಯಾಮ್ಲಿನ್ ಆಯಿತು. ಅಜ್ಜ ಕೂಡ ಪುಡಿ ಕಲಸಿಯೇ ಮಸಿ ಮಾಡಿಕೊಳ್ಳುತ್ತಿದ್ದರಂತೆ.

ಫೌಂಟನ್ ಪೆನ್ನಿನ ಮಸಿ ತುಂಬ ತೆಳು. ಟಾಕಿನಿಂದ ದಡಕ್ಕನೆ ಇಳಿದುಬಿಡುತ್ತದೆ. ಅದಕ್ಕೆ ಸ್ವಲ್ಪ ಅಂಟು ಬೇಕು. ಜಾಲಿ ಜಾತಿಯ ಮರದ ಗೋಂದಿನ ಪುಡಿ, ಅಂದರೆ ಗಮ್ ಅರೇಬಿಕ್, ಚಿತ್ರಕಲೆಯ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಒಂದೊಂದೇ ಹನಿ ಬೆರೆಸುತ್ತಾ ಬರೆದು ನೋಡಿ. ತೆಳು ಮಜ್ಜಿಗೆಯ ಹದ ಬಂದರೆ ನಿಲ್ಲಿಸಿ. ಡ್ರಾಯಿಂಗ್ ಇಂಕ್ ಅಥವಾ ಇಂಡಿಯಾ ಇಂಕ್ ಹಾಗೇ ಬಳಸಬಹುದು, ಚೆನ್ನಾಗಿ ಕಪ್ಪಾಗಿ ಬರುತ್ತದೆ. ಆದರೆ ಅದು ಒಣಗಿದರೆ ಕಲ್ಲು. ಅದನ್ನು ಫೌಂಟನ್ ಪೆನ್ನಿಗೆ ಎಂದೂ ಹಾಕಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟ ಅಳಲೆಕಾಯಿ ಮಸಿ. ಅಳಲೆಕಾಯಿಯ ಒಗರು ಮತ್ತು ಅನ್ನಭೇದಿಯ ಕಬ್ಬಿಣ ಸೇರಿದರೆ ಕಪ್ಪು ಹುಟ್ಟುತ್ತದೆ. ಯುರೋಪಿನವರು ಓಕ್ ಮರದ ಗಂಟಿನಿಂದ ಮಾಡುತ್ತಿದ್ದ ಮಸಿಯ ಗುಟ್ಟೂ ಇದೇ. ಮುಂಬೈ, ಪುಣೆಯ ಮೂಲಿಕೆ ಅಂಗಡಿಯಲ್ಲಿ ಅಳಲೆಕಾಯಿಗೆ 'ಹಿರಡಾ' ಎಂದೂ ಅನ್ನಭೇದಿಗೆ 'ಹಿರಾಕಸ' ಎಂದೂ ಕೇಳಿ. ಬೀಜ ತೆಗೆದು ಜಜ್ಜಿದ ಅಳಲೆ 30 ಗ್ರಾಂ ತೆಗೆದುಕೊಂಡು ಎರಡು ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಯುವಷ್ಟು ಕುದಿಸಿ ಸೋಸಿ. ಆರಿದ ಮೇಲೆ 15ರಿಂದ 20 ಗ್ರಾಂ ಅನ್ನಭೇದಿ ಹಾಕಿ. ಕಣ್ಣೆದುರೇ ಕಂದು ನೀರು ಕಪ್ಪಾಗುತ್ತದೆ. ಮಕ್ಕಳಿಗೆ ಇದನ್ನು ನೋಡುವುದೇ ಹಬ್ಬ. ಆಮೇಲೆ 10 ಗ್ರಾಂ ಗೋಂದು ಕರಗಿಸಿ. ಬರೆದಾಗ ಸ್ವಲ್ಪ ತಿಳಿಯಾಗಿ ಕಾಣುತ್ತದೆ. ಗಾಳಿ ತಾಗಿ ಗಂಟೆಗಳ ಮೇಲೆ ಗಾಢವಾಗುತ್ತದೆ. ಅಡುಗೆ ಪಾತ್ರೆ ಬಳಸಬೇಡಿ. ಅನ್ನಭೇದಿ ಹೊಟ್ಟೆಗೆ ಹೋದರೆ ಅಪಾಯ, ಮಕ್ಕಳ ಕೈಗೆ ಎಟುಕದಂತೆ ಇಡಿ. ಈ ಮಸಿಗೆ ಹುಳಿ ಗುಣ ಇದೆ, ಉಕ್ಕನ್ನು ತಿನ್ನುತ್ತದೆ. ಬರೆದು ಮುಗಿದ ಕೂಡಲೇ ಮುಳ್ಳು ತೊಳೆಯಲೇಬೇಕು.

ಕಾಗದ, ಮಳೆಗಾಲ, ಫ್ಯಾನು

100 ಜಿಎಸ್‌ಎಂ (ಚದರ ಮೀಟರಿಗೆ 100 ಗ್ರಾಂ ತೂಗುವ) ಬಾಂಡ್ ಕಾಗದ ಅಭ್ಯಾಸಕ್ಕೆ ಸಾಕು. ಸಾಧಾರಣ ಜೆರಾಕ್ಸ್ ಕಾಗದದಲ್ಲಿ ಮಸಿ ಬೇರು ಬಿಟ್ಟಂತೆ ಹರಡುತ್ತದೆ. ಕೊಳ್ಳುವ ಮೊದಲು ಒಂದು ಹಾಳೆ ತಂದು ಗೆರೆ ಎಳೆದು ನೋಡಿ, ಅಷ್ಟೆ. ಕೈಕಾಗದ ನೋಡಲು ಚೆಂದ. ಆದರೆ ಅಂಟು ಕೊಡದ ಕೈಕಾಗದ ಒತ್ತುಕಾಗದದಂತೆ ಮಸಿ ಹೀರುತ್ತದೆ.

ಇದೇ ಕಾಗದ ಜುಲೈನಲ್ಲಿ ಬೇರೆ ಕಾಗದವಾಗುತ್ತದೆ. ಮುಂಬೈ ಮಳೆಗಾಲದಲ್ಲಿ ಹಾಳೆ ತೇವ ಕುಡಿದು ಮೆತ್ತಗಾಗುತ್ತದೆ. ಮೇನಲ್ಲಿ ಚೊಕ್ಕವಾಗಿ ನಿಂತ ಗೆರೆ ಆಗ ಹರಡುತ್ತದೆ. ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಡಿ. ಮುಳ್ಳಿನ ಡಬ್ಬಿಯಲ್ಲೂ ಒಂದು ಇರಲಿ. ಸಮುದ್ರದ ಉಪ್ಪುಗಾಳಿಯಲ್ಲಿ ಒದ್ದೆ ಮುಳ್ಳಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ. ನನ್ನ ಮೊದಲ ಆರು ಮುಳ್ಳುಗಳು ಹೋಗಿದ್ದು ಹಾಗೇ.

ಬೇಸಿಗೆಯಲ್ಲಿ ತೊಂದರೆ ಬೇರೆ. ಫ್ಯಾನಿಲ್ಲದೆ ಕೂರಲಾಗುವುದಿಲ್ಲ, ಫ್ಯಾನ್ ಹಾಕಿದರೆ ಮುಳ್ಳಿನ ಮೇಲೇ ಮಸಿ ಒಣಗುತ್ತದೆ. ಫ್ಯಾನ್ ಕಡಿಮೆ ಮಾಡಿ, ಎರಡು ಸಾಲಿಗೊಮ್ಮೆ ಮುಳ್ಳನ್ನು ನೀರಿಗೆ ಅದ್ದಿ ಒರೆಸಿ. ಅಂಗೈ ಕೆಳಗೆ ಯಾವಾಗಲೂ ಒಂದು ತುಂಡು ಕಾಗದ ಇಡಿ. ಬೆವರಿನ ಜಿಡ್ಡು ತಾಗಿದ ಕಡೆ ಮಸಿ ಹಿಡಿಯುವುದಿಲ್ಲ.

ಅದ್ದುವುದು, ಹಿಡಿಯುವುದು

ದೊಡ್ಡ ಬಾಟಲಿಗೆ ನೇರ ಅದ್ದಬೇಡಿ. ಅಗಲ ಬಾಯಿಯ ಚಿಕ್ಕ ಶೀಶೆಗೆ ಸ್ವಲ್ಪ ಮಸಿ ಸುರಿದುಕೊಳ್ಳಿ. ಶೀಶೆಯನ್ನು ಸೆಲೋಟೇಪಿನ ಸುರುಳಿಯೊಳಗೆ ಕೂರಿಸಿದರೆ ಉರುಳುವುದಿಲ್ಲ. ನಮ್ಮ ಒಂದು ಕೋಣೆಯ ಮನೆಗಳಲ್ಲಿ ಇದು ತುಂಬ ಮುಖ್ಯ. ಮುಳ್ಳಿನ ನಡುವಿನ ತೂತು ಮುಳುಗುವಷ್ಟು ಮಾತ್ರ ಅದ್ದಿ. ಕೊಡವಬೇಡಿ, ಶೀಶೆಯ ಅಂಚಿಗೆ ಮೆಲ್ಲಗೆ ತಾಗಿಸಿ ಹೆಚ್ಚಿನ ಹನಿ ಇಳಿಸಿ. ಮೊದಲ ಗೆರೆ ಬೇರೆ ಕಾಗದದ ಮೇಲೆ.

ಬರೆಯುವ ಹಲಗೆ ಸ್ವಲ್ಪ ಓರೆಯಾಗಿರಲಿ. ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟರೆ ಆಯಿತು. ಪೂರ್ತಿ ಚಪ್ಪಟೆ ಮೇಜಿನ ಮೇಲೆ ಮಸಿ ದಡದಡ ಇಳಿಯುತ್ತದೆ. ಬಾಲ್‌ಪೆನ್ನಿನಂತೆ ಬಿಗಿ ಹಿಡಿಯಬೇಡಿ. ಬೆರಳ ಗೆಣ್ಣು ಬಿಳುಚಿದರೆ ಜಾಸ್ತಿ ಒತ್ತುತ್ತಿದ್ದೀರಿ ಎಂದು ಅರ್ಥ.

ಸೊನ್ನೆಯಿಂದ ಅಕ್ಷರಕ್ಕೆ

ಇಲ್ಲಿ ಅವಸರ ಬೇಡ. ಪೆನ್ಸಿಲ್‌ನಲ್ಲಿ ಗೆರೆ ಹಾಕಿಕೊಳ್ಳಿ. ಅಗಲ ಮುಳ್ಳಾದರೆ ಅಕ್ಷರದ ಒಡಲಿಗೆ ಮುಳ್ಳಿನ ಅಗಲದ ಐದರಷ್ಟು ಎತ್ತರ ಕೊಡಿ. 3 ಮಿಲಿಮೀಟರ್ ಬೋರು ಆದರೆ 15 ಮಿಲಿಮೀಟರ್. ಇಂಗ್ಲಿಷ್ ಪಾಠಗಳಲ್ಲಿ ಹೇಳದ ಒಂದು ವಿಷಯ ನಮಗಿದೆ: ಒತ್ತಕ್ಷರ. ಅದಕ್ಕೆ ಕೆಳಗೆ ಹೆಚ್ಚುಕಡಿಮೆ ಇನ್ನೊಂದು ಒಡಲಿನಷ್ಟು ಜಾಗ ಬಿಡಿ. ಮೇಲೆ ಗುಡಿಸಿಗೆ, ಏತ್ವಕ್ಕೆ ಎರಡು ಮುಳ್ಳಿನಗಲ. ಜಾಗ ಬಿಡದೆ ಬರೆದರೆ 'ರಾಷ್ಟ್ರ'ದ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತವೆ.

ಮೊದಲು ಸೊನ್ನೆ. ಬಾಲ್‌ಪೆನ್ನಿನಲ್ಲಿ ನಾವು ಸೊನ್ನೆಯನ್ನು ಒಂದೇ ಸುತ್ತಿಗೆ ಬರೆಯುತ್ತೇವೆ. ಟಾಕಿನಲ್ಲಿ ಅದನ್ನು ಎರಡು ಮಾಡಿ. ಮೇಲಿಂದ ಶುರು ಮಾಡಿ ಎಡ ಅರ್ಧವನ್ನು ಕೆಳಗಿನ ತನಕ ಎಳೆಯಿರಿ. ಪೆನ್ನು ಎತ್ತಿ. ಮತ್ತೆ ಮೇಲಿಂದ ಬಲ ಅರ್ಧವನ್ನು ಎಳೆದು ಕೆಳಗೆ ಕೂಡಿಸಿ. ದುಂಡು ಮುಳ್ಳು ಬಿಟ್ಟರೆ ಬೇರೆ ಮುಳ್ಳನ್ನು ಎಳೆಯಬೇಕು, ತಳ್ಳಬಾರದು. ಕನ್ನಡಕ್ಕೆ ಟಾಕು ಒಗ್ಗುವ ಗುಟ್ಟೆಲ್ಲ ಈ ಎತ್ತುವ ಜಾಗದಲ್ಲಿದೆ. ನಾನು ತಿಂಗಳುಗಟ್ಟಲೆ ಒದ್ದಾಡಿದ್ದು ಇದನ್ನು ಯಾರೂ ಹೇಳದೆ ಇದ್ದದ್ದಕ್ಕೆ.

ಸೊನ್ನೆ ಬಂತೆಂದರೆ 'ರ' ಬಂತು. ಸೊನ್ನೆಯ ತಲೆ ತೆರೆದು ತಲೆಕಟ್ಟು ಇಡಿ. ಒಳಗೊಂದು ಚುಕ್ಕಿ ಇಟ್ಟರೆ 'ಠ'. 'ದ', 'ಧ', 'ಥ' ಇದೇ ಮನೆಯವು. ಹೊಟ್ಟೆ ಸೀಳುವ ಗೆರೆ ಕೊನೆಗೆ, ಮಸಿ ಸ್ವಲ್ಪ ಒಣಗಿದ ಮೇಲೆ. ಆಮೇಲೆ 'ಗ', 'ಸ', 'ನ'. 'ಅ', 'ಆ', 'ಋ' ಕಡೆಗೆ ಇರಲಿ, ಅವುಗಳ ಒಳಸುರುಳಿ ಕಷ್ಟ. ದಿನಕ್ಕೆ ಒಂದು ಅಕ್ಷರ, ಒಂದು ಹಾಳೆ ಸಾಕು.

ಅಗಲ ಮುಳ್ಳನ್ನು ಸಾಲಿಗೆ 30 ಡಿಗ್ರಿ ಓರೆಯಲ್ಲಿ ಹಿಡಿದು, ಆ ಓರೆಯನ್ನು ಅಕ್ಷರದ ನಡುವೆ ಬದಲಿಸದಿರಿ. ಬದಲಿಸಿದರೆ ಒಂದೇ ಪದದ ಅಕ್ಷರಗಳು ಬೇರೆ ಬೇರೆ ಕೈ ಬರೆದಂತೆ ಕಾಣುತ್ತವೆ. ಚೂಪು ಮುಳ್ಳಿನಲ್ಲಿ ಇನ್ನೊಂದು ತೊಡಕು ಇದೆ. ಸೊನ್ನೆಯ ಎರಡು ಅರ್ಧವೂ ಕೆಳಗಿಳಿಯುವ ಗೆರೆಗಳೇ, ಅಲ್ವಾ? ಎರಡನ್ನೂ ಒತ್ತಿದರೆ ಅಕ್ಷರ ಊದಿಕೊಳ್ಳುತ್ತದೆ. ನಾನು ಎಡ ಅರ್ಧವನ್ನು ಮಾತ್ರ ಒತ್ತುತ್ತೇನೆ, ಬಲ ಅರ್ಧವನ್ನು ತೆಳುವಾಗಿ ಬಿಡುತ್ತೇನೆ.

ಗೆರೆ ನಡುವೆ ಖಾಲಿಯಾಗಿ ರೈಲು ಹಳಿಯಂತೆ ಎರಡಾದರೆ ಮಸಿ ಮುಗಿದಿದೆ, ಇಲ್ಲವೇ ಜಾಸ್ತಿ ಒತ್ತಿದ್ದೀರಿ. ಹನಿ ಬಿದ್ದರೆ ಮಸಿ ತೆಳು ಅಥವಾ ಜಾಸ್ತಿ ಅದ್ದಿದ್ದೀರಿ. ಮಸಿ ಇಳಿಯದಿದ್ದರೆ ತುದಿಯನ್ನು ನೀರಿಗೆ ತಾಗಿಸಿ ನೋಡಿ. ಮುಳ್ಳಿನ ತುದಿಗೆ ಕಾಗದದ ನಾರು ಸಿಕ್ಕಿಕೊಂಡಿದ್ದರೆ ಗೆರೆ ಕೂದಲು ಬಿಟ್ಟಂತಾಗುತ್ತದೆ, ಒರೆಸಿ.

ಬರೆದಾದ ಮೇಲೆ ನೀರಿನಲ್ಲಿ ತೊಳೆದು, ಹಳೇ ಹತ್ತಿ ಪಂಚೆಯ ತುಂಡಿನಿಂದ ಪೂರ್ತಿ ಒಣಗಿಸಿ. ಮುಳ್ಳನ್ನು ಹಿಡಿಯಿಂದ ತೆಗೆದೇ ತೊಳೆಯಿರಿ. ಒಳಗೆ ನಿಂತ ನೀರೇ ತುಕ್ಕಿಗೆ ಮೂಲ.

ಕೊನೆಗೆ ಗರಿ

ಹಕ್ಕಿಗರಿಯ ಲೇಖನಿ ಅಂದರೆ ಎಲ್ಲರಿಗೂ ಆಸೆ. ಉಡುಗೊರೆ ಅಂಗಡಿಯಲ್ಲಿ ಬಣ್ಣದ ಗರಿಗೆ ಉಕ್ಕಿನ ಮುಳ್ಳು ಸಿಕ್ಕಿಸಿ ಮಾರುತ್ತಾರೆ. ಅದು ಗರಿ ಲೇಖನಿ ಅಲ್ಲ, ಅಲಂಕಾರ. ನಿಜವಾದದ್ದರಲ್ಲಿ ಗರಿಯ ಬುಡವೇ ಮುಳ್ಳು. ಹಿಂದೆ ಬರೆಯುತ್ತಿದ್ದವರು ಪುಕ್ಕವನ್ನು ಬಹುಪಾಲು ಕಿತ್ತು ಹಾಕುತ್ತಿದ್ದರು, ಏಕೆಂದರೆ ಅದು ಕೈಗೆ ಅಡ್ಡ. ಕಂಪನಿ ಸರ್ಕಾರದ ಮುಂಬೈ ಕಚೇರಿಯ ಹಳೇ ದಾಖಲೆಗಳೂ ಇಂಥ ಗರಿಯಲ್ಲಿ ಬರೆದವು. ಅವು ಈಗ ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ರಾಜ್ಯ ಪತ್ರಾಗಾರದಲ್ಲಿವೆ.

ಹೆಬ್ಬಾತು ಅಥವಾ ಟರ್ಕಿ ಕೋಳಿಯ ರೆಕ್ಕೆಯ ಹೊರ ಅಂಚಿನ ಮೊದಲ ಐದು ಗರಿಗಳು ಬೇಕು. ಸಾಕಣೆಯ ಹಕ್ಕಿ ತಾನೇ ಉದುರಿಸಿದವು ಸಿಕ್ಕರೆ ಒಳ್ಳೆಯದು. ಎಡ ರೆಕ್ಕೆಯ ಗರಿ ಬಲಗೈಯವರಿಗೆ ಹೊಂದುತ್ತದೆ, ಅದರ ಬಾಗು ಕಣ್ಣಿನಿಂದ ಆಚೆಗೆ ಹೋಗುತ್ತದೆ. ಕಾಡುಹಕ್ಕಿಯ ಗರಿ ಹೆಕ್ಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ನವಿಲುಗರಿಯ ಮೇಲೆ ಆಸೆ ಇದ್ದರೆ ಬಿಡಿ, ಅದರ ದಂಟಿನಲ್ಲಿ ಒಳ್ಳೆಯ ಮುಳ್ಳು ಆಗುವುದಿಲ್ಲ.

ಹಸಿ ಗರಿ ಉಗುರಿನಂತೆ ಮೆತ್ತಗೆ. ಹದ ಮಾಡಬೇಕು. ಬುಡವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಒರೆಸಿ. ಹಳೇ ಬಾಣಲೆಯಲ್ಲಿ ಮರಳು ಕಾಯಿಸಿ. ಚೌಪಾಟಿಯಲ್ಲಿ ಶೇಂಗಾ ಹುರಿಯುವವರ ಮರಳಿನಷ್ಟು ಬಿಸಿ, ಸುಮಾರು 180 ಡಿಗ್ರಿ ಸೆಲ್ಸಿಯಸ್. ಬುಡವನ್ನು ಮರಳಿಗೆ ಚುಚ್ಚಿ ಕೆಲವೇ ಸೆಕೆಂಡು ಇಟ್ಟು ತೆಗೆಯಿರಿ. ಮಬ್ಬು ಬಿಳಿ ಹೋಗಿ ಗಾಜಿನಂತಾದರೆ ಹದವಾಗಿದೆ. ಗುಳ್ಳೆ ಎದ್ದರೆ ಸುಟ್ಟಿದೆ. ಮೊದಲು ಬೇಡದ ಗರಿಯೊಂದರ ಮೇಲೆ ನೋಡಿ. ಕಿಟಕಿ ತೆರೆದಿಡಿ, ಕೂದಲು ಸುಟ್ಟ ವಾಸನೆ ಬರುತ್ತದೆ.

ಕೊರೆಯುವುದು ಬೋರುವಿನ ಹಾಗೇ. ಆದರೆ ಕೈ ಇನ್ನೂ ಹಗುರ. ಸಣ್ಣ ಮಡಿಸುವ ಚಾಕುವಿಗೆ ಇಂಗ್ಲಿಷಿನಲ್ಲಿ 'ಪೆನ್ ನೈಫ್' ಎಂದು ಹೆಸರು ಬಂದದ್ದೇ ಈ ಕೆಲಸದಿಂದ. ಉದ್ದ ಓರೆ ಕಡಿತ ಕೊಡಿ, ಒಳಗಿನ ಒಣ ಪೊರೆ ಎಳೆದು ತೆಗೆಯಿರಿ, ನಡುವೆ ಚಿಕ್ಕ ಸೀಳು ಕೊಡಿ, ಎರಡು ಬದಿಗೂ ಭುಜ ಬರುವಂತೆ ಹೆರೆಯಿರಿ, ತುದಿಯನ್ನು ಒಂದೇ ಒತ್ತಿಗೆ ಕತ್ತರಿಸಿ. ನನ್ನ ಮೊದಲ ಏಳೆಂಟು ಗರಿಗಳ ಸೀಳು ದಾರಿ ತಪ್ಪಿ ಬದಿಗೆ ಹೋಯಿತು. ಅಷ್ಟು ಗರಿ ಹೆಚ್ಚಿಗೆ ಇಟ್ಟುಕೊಂಡೇ ಕೂತುಕೊಳ್ಳಿ.

ಗರಿಗೆ ಒತ್ತಡವೇ ಬೇಡ. ಅಳಲೆಕಾಯಿ ಮಸಿಯಲ್ಲಿ ಅದ್ದಿ ಕಾಗದದ ಮೇಲಿಟ್ಟರೆ ಸಾಕು, ಉಕ್ಕಿನ ಮುಳ್ಳಿನಲ್ಲಿ ಸಿಗದ ಒಂದು ಮೆದು ಅಂಚು ಗೆರೆಗೆ ಬರುತ್ತದೆ. ಕೆಲವು ಪುಟ ಬರೆದ ಮೇಲೆ ತುದಿ ಮೆತ್ತಗಾಗಿ ಅಕ್ಷರ ದಪ್ಪವಾಗುತ್ತದೆ. ಆಗ ತೊಳೆದು, ಒಣಗಲು ಬಿಟ್ಟು, ಮಾರನೆಯ ದಿನ ತುದಿಯನ್ನು ಕೂದಲೆಳೆಯಷ್ಟು ಕತ್ತರಿಸಿ. ಹೀಗೆ ಕತ್ತರಿಸುತ್ತಾ ಸೀಳು ಮುಗಿದರೆ ಹೊಸ ಸೀಳು ಕೊಡಿ. ಟೊಳ್ಳು ಬುಡ ಇರುವ ತನಕ ಒಂದೇ ಗರಿ ಬರೆಯುತ್ತಲೇ ಇರುತ್ತದೆ.